ಸಣ್ಣ ಸಾಫ್ಟ್‌ವೇರ್ ಕಂಪನಿ: ಹೊಸತೂ ಬೇಕು, ಗಡುವೂ ತಪ್ಪಬಾರದು

ಹತ್ತು ಜನರ ಸಾಫ್ಟ್‌ವೇರ್ ಕಂಪನಿಯಲ್ಲಿ ತಿಂಗಳ ಸಂಬಳ ಹುಟ್ಟುವುದು ಗ್ರಾಹಕರ ಕೆಲಸದಿಂದ. ಸ್ವಂತ ಆಲೋಚನೆಗೆ ಉಳಿಯುವುದು ಶನಿವಾರ ಸಂಜೆ. ಉಜಿರೆಯಲ್ಲಿ ಇಂಜಿನಿಯರಿಂಗ್ ಓದಿ, ಊರಲ್ಲೇ ಕಂಪನಿ ಕಟ್ಟುವವರಿಗೂ ಎದುರಾಗುವ ಇಕ್ಕಟ್ಟು ಇದೇ.

ಕರಾವಳಿಯಲ್ಲೇ ಇದಕ್ಕೊಂದು ಉದಾಹರಣೆಯಿದೆ. 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ಶುರುಮಾಡಿದ ರೋಬೋಸಾಫ್ಟ್, ಮೊದಲು ಮ್ಯಾಕ್ ಕಂಪ್ಯೂಟರುಗಳಿಗೆ, ಆಮೇಲೆ ಮೊಬೈಲುಗಳಿಗೆ, ಗ್ರಾಹಕರು ಕೇಳಿದ ಸಾಫ್ಟ್‌ವೇರ್ ಮಾಡಿಕೊಟ್ಟಿತು. ಗೇಮ್ ಮಾಡುವ ಆಸೆಯನ್ನು ಆ ಕೆಲಸದ ಸಂದಿಗೊಂದಿಯಲ್ಲಿ ತುರುಕಲಿಲ್ಲ; ಅದಕ್ಕೆಂದೇ 99ಗೇಮ್ಸ್ ಎಂಬ ಬೇರೆ ಕಂಪನಿ ಹುಟ್ಟಿತು. 2013ರಲ್ಲಿ ಹಿಂದಿ ಸಿನಿಮಾ ಆಧರಿಸಿದ 'ಧೂಮ್ 3', 2014ರಲ್ಲಿ ಅಡುಗೆಯ ಆಟ 'ಸ್ಟಾರ್ ಶೆಫ್' ಬಂದವು. ರೋಬೋಸಾಫ್ಟನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೊ ಕೊಂಡುಕೊಂಡಿತು.

ಗೇಮನ್ನು ಗ್ರಾಹಕರ ಕೆಲಸದಿಂದ ಬೇರ್ಪಡಿಸಿದ್ದೇ ಜಾಣತನ. ಗ್ರಾಹಕರ ಕೆಲಸವನ್ನು ಅಳೆಯುವುದು ಗಡುವಿನಿಂದ; ಗೇಮ್ ಗೆಲ್ಲುತ್ತದೋ ಇಲ್ಲವೋ ಎಂಬುದು ಆಡುವವರ ಕೈಗೆ ಹೋಗುವ ತನಕ ಗೊತ್ತಾಗುವುದಿಲ್ಲ.

ಎರಡು ಕಂಪನಿಗೆ ಬಂಡವಾಳ ಇಲ್ಲದವರು ಸಮಯವನ್ನಾದರೂ ಬೇರ್ಪಡಿಸಬಹುದು. ಅಮೆರಿಕದ 3ಎಂ, ನೌಕರರ ಸ್ವಂತ ಪ್ರಯೋಗಗಳಿಗೆ ಶೇ. 15ರಷ್ಟು ಸಮಯ ಬಿಟ್ಟುಕೊಟ್ಟ ಕಂಪನಿ. ಸಣ್ಣವರಿಗೆ ಇದು ದುಬಾರಿ ಅನ್ನಿಸುವುದು ಸಹಜ. ಆದರೆ ಸರತಿ ಸಾಲಿನ ಗಣಿತ ಬೇರೆಯೇ ಲೆಕ್ಕ ಕೊಡುತ್ತದೆ: ಕೆಲಸಗಳು ಹೊತ್ತುಗೊತ್ತಿಲ್ಲದೆ ಬರುವಲ್ಲಿ, ಡೆವಲಪರ್ ಒಬ್ಬರ ಸಮಯ ಶೇ. 80ರ ಬದಲು ಶೇ. 90 ತುಂಬಿದ್ದರೆ, ಹೊಸ ಕೆಲಸ ಕಾಯುವ ಅವಧಿ ಎರಡು ಪಟ್ಟಿಗೂ ಮಿಕ್ಕುತ್ತದೆ. ಬುಧವಾರ ಮಧ್ಯಾಹ್ನವನ್ನು ಪ್ರಯೋಗಕ್ಕೆಂದು ಖಾಲಿ ಬಿಟ್ಟ ತಂಡಕ್ಕೆ, ಸರ್ವರ್ ಕೈಕೊಟ್ಟ ವಾರ ಅದೇ ಹೊತ್ತು ರಿಪೇರಿಗೆ ಒದಗುತ್ತದೆ. ಮುಂದಿನ ವಾರ ಅದನ್ನು ಪ್ರಯೋಗಕ್ಕೆ ವಾಪಸ್ ಕೊಡಬೇಕು, ಅಷ್ಟೆ.