ನಡೆಯುವ ದಾರಿಗೂ ಒಂದು ಲೆಕ್ಕವಿರಲಿ

ಉದ್ಯಾನದ ಉದ್ಘಾಟನೆಗೆ ಬರುವವರು ಬಹಳ ಮಂದಿ. ಅಲ್ಲಿ ಕಿತ್ತುಹೋದ ಒಂದು ಟೈಲ್ಸನ್ನು ಮತ್ತೆ ಕೂರಿಸಲು ಬರುವವರು ವಿರಳ. ಬೆಂಗಳೂರಿನ ಬಡಾವಣೆ ಉದ್ಯಾನಗಳ ಕಥೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ಹಾಗೆ ನೋಡಿದರೆ ಈ ನಗರಕ್ಕೆ ಉದ್ಯಾನದ ಬೆಲೆ ತಿಳಿಯದೇನಲ್ಲ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗ್ ಮತ್ತು 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಕಬ್ಬನ್ ಉದ್ಯಾನಗಳ ರಕ್ಷಣೆಗೆಂದೇ 1975ರ ಕಾಯ್ದೆಯಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ತಾನೇ ನಿರ್ಮಿಸುವ ಬಡಾವಣೆಗಳಲ್ಲಿ ಶೇ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ ಬಿಡಬೇಕೆಂದು 1976ರ ಕಾಯ್ದೆ ಹೇಳುತ್ತದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು. ಜಾಗ ಉಳಿಸಿಕೊಳ್ಳುವ ಹೋರಾಟದಲ್ಲಿ ನಾವು ಗೆದ್ದದ್ದುಂಟು. ಸೋಲುತ್ತಿರುವುದು ಉಳಿದ ಜಾಗದಲ್ಲಿ ನಡೆದಾಡುವ ದಾರಿಯ ವಿಷಯದಲ್ಲಿ.

ನಮ್ಮ ಬಡಾವಣೆಯ ಉದ್ಯಾನದಲ್ಲಿ ನಾನು ಹಲವು ವರ್ಷಗಳಿಂದ ನಡೆಯುತ್ತಿದ್ದೇನೆ. ಒಂದು ಕಾಲಕ್ಕೆ ಅಲ್ಲಿ ಗರಸು ಮಣ್ಣಿನ ದಾರಿಯಿತ್ತು. ಬಳಿಕ ಸಿಮೆಂಟ್ ಹಾಸು ಬಂತು, ಅದರ ಮೇಲೆ ಇಂಟರ್‌ಲಾಕ್ ಟೈಲ್ಸ್ ಬಂತು, ಈಗ ಆ ಟೈಲ್ಸ್‌ಗಳೂ ಎದ್ದಿವೆ. ಎದ್ದ ಅಂಚಿಗೆ ಎಡವಿ ನೆರೆಯ ಹಿರಿಯರೊಬ್ಬರು ಬಿದ್ದರು. ಅಂದಿನಿಂದ ಅವರ ನಡಿಗೆ ಮನೆಯ ಜಗುಲಿಗೆ ಸೀಮಿತವಾಗಿದೆ. ದೂರು ಕೊಟ್ಟಾಗ ಬಂದ ಉತ್ತರ: ‘ಹೊಸ ಕಾಮಗಾರಿಗೆ ಪ್ರಸ್ತಾವ ಕಳುಹಿಸಿದ್ದೇವೆ’. ಬೇಕಿದ್ದುದು ಹೊಸ ಕಾಮಗಾರಿಯಲ್ಲ, ಒಬ್ಬ ಗಾರೆ ಕೆಲಸದವನ ಅರ್ಧ ದಿನದ ದುಡಿಮೆ.

ದಾರಿ ಹಾಳಾಗುವುದಕ್ಕೆ ಕಾರಣ ನಿಗೂಢವೇನಲ್ಲ. ಟೈಲ್ಸ್ ನಿಲ್ಲುವುದು ಅದರ ಕೆಳಗಿನ ಮರಳಿನ ಹಾಸಿನ ಮೇಲೆ. ಪಕ್ಕದಲ್ಲಿ ನೀರು ಹರಿಯಲು ಕಾಲುವೆ ಇಲ್ಲದಿದ್ದರೆ ಮಳೆನೀರು ಮರಳನ್ನು ಸೆಳೆದೊಯ್ಯುತ್ತದೆ, ಹಾಸು ಕುಸಿಯುತ್ತದೆ. ಮರದ ಬುಡದವರೆಗೆ ಕಾಂಕ್ರೀಟ್ ಸುರಿದರೆ ಬೇರು ದಾರಿ ಹುಡುಕುತ್ತ ಹಾಸನ್ನೇ ಎತ್ತುತ್ತದೆ. ಮರದ ಸುತ್ತ ಒಂದು ಮೀಟರ್ ಜಾಗವನ್ನು ಕಾಂಕ್ರೀಟ್‌ಮುಕ್ತವಾಗಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಆದೇಶಿಸಿತ್ತು. ಅಂತರ್ಜಲಕ್ಕಾಗಿ ಪರಿತಪಿಸುವ ಊರು ಉದ್ಯಾನದೊಳಗೇ ನೆಲವನ್ನು ಮುಚ್ಚುವುದು ಎಂತಹ ವಿವೇಕ?

ಆದರೂ ಏಕೆ ಮುಚ್ಚುತ್ತೇವೆ? ಉತ್ತರ ಹಣದ ಸ್ವರೂಪದಲ್ಲಿದೆ. ನಿರ್ಮಾಣಕ್ಕೆ ಅನುದಾನ ಸುಲಭವಾಗಿ ಸಿಗುತ್ತದೆ: ಅದಕ್ಕೆ ಅಂದಾಜು ಪಟ್ಟಿಯಿದೆ, ಟೆಂಡರ್ ಇದೆ, ಅಳೆದು ತೋರಿಸಬಹುದಾದ ಚದರ ಮೀಟರುಗಳಿವೆ, ಹೆಸರು ಕೆತ್ತಿಸಲು ಫಲಕವಿದೆ. ನಿರ್ವಹಣೆಗೆ ಇವೊಂದೂ ಇಲ್ಲ. ಮಾರ್ಚ್ ಅಂತ್ಯದೊಳಗೆ ಹಣ ಖರ್ಚಾಗಬೇಕೆಂಬ ಅವಸರವೂ ಸೇರಿದರೆ, ಸರಿಯಿರುವ ದಾರಿಯನ್ನೂ ಅಗೆಯುವುದು ಅನಿವಾರ್ಯ ಎನಿಸಿಬಿಡುತ್ತದೆ. ಕಬ್ಬನ್ ಉದ್ಯಾನದ ಕಾಲುದಾರಿಗಳಿಗೆ ಸ್ಮಾರ್ಟ್ ಸಿಟಿ ಯೋಜನೆಯಿಂದ ಹಣ ಬಂತು. ಕೇಂದ್ರದ ಆ ಯೋಜನೆ 2025ರ ಮಾರ್ಚ್‌ಗೆ ಮುಗಿಯಿತು. ಯೋಜನೆಗಳಿಗೆ ಕೊನೆಯ ದಿನಾಂಕವಿರುತ್ತದೆ. ದಾರಿಯ ಸವೆತಕ್ಕೆ ಇರುವುದಿಲ್ಲ.

ಇನ್ನು ಯೋಜಿಸುವವರು ಯಾರು? ಸಂವಿಧಾನದ 74ನೇ ತಿದ್ದುಪಡಿ ಉದ್ಯಾನಗಳನ್ನು ನಗರಾಡಳಿತದ ಬಾಬತ್ತುಗಳ ಪಟ್ಟಿಯಲ್ಲಿ ಸೇರಿಸಿತು. ಮೂರು ಲಕ್ಷಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದಿತು. ಆದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ನಗರ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆಯಿತು. 2025ರಲ್ಲಿ ಅದೇ ಪಾಲಿಕೆಯನ್ನು ಐದಾಗಿ ವಿಂಗಡಿಸಲಾಯಿತು. ಕಚೇರಿಯ ಹೆಸರು ಬದಲಾದರೆ ಸಾಲದು. ಅಂದಾಜು ಪಟ್ಟಿ ಬರೆಯುವ ಕ್ರಮ ಬದಲಾಗಬೇಕು.

ಅದಕ್ಕೆ ಮೊದಲು ಮಾಡಬೇಕಾದುದು, ಎಂಜಿನಿಯರರು ಕಾಗದ ಮುಟ್ಟುವ ಮುನ್ನ ಬಳಕೆದಾರರೊಡನೆ ಉದ್ಯಾನವನ್ನು ಒಂದು ಸುತ್ತು ನಡೆಯುವುದು. ಆ ಸುತ್ತಿನಲ್ಲಿ ಬೆಳಗಿನ ನಡಿಗೆಯವರಷ್ಟೇ ಇರಬಾರದು. ಮಧ್ಯಾಹ್ನ ಕೊಂಚ ನೆರಳು ಬಯಸುವ ಮನೆಗೆಲಸದ ಹೆಣ್ಣುಮಗಳು, ಗಾಲಿಕುರ್ಚಿಯವರು, ಮಗುವನ್ನೆತ್ತಿಕೊಂಡ ತಾಯಿ ಕೂಡ ಇರಬೇಕು. ದ್ವಾರದಲ್ಲಿ ದ್ವಿಚಕ್ರ ವಾಹನ ತಡೆಯಲು ನೆಟ್ಟ ಕಂಬಗಳು ಗಾಲಿಕುರ್ಚಿಯನ್ನೂ ತಡೆಯುತ್ತವೆ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಒಂದಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬ ಲೆಕ್ಕ ಯಾವ ಎಂಜಿನಿಯರರಿಗೂ ಹೊಸದಲ್ಲ.

ಎರಡನೆಯದಾಗಿ, ನಿರ್ಮಾಣಕ್ಕೆ ಮಂಜೂರಾದ ಮೊತ್ತದ ಜೊತೆಗೇ ಮುಂದಿನ ಐದು ವರ್ಷಗಳ ನಿರ್ವಹಣೆಯ ಮೊತ್ತವೂ ಮಂಜೂರಾಗಲಿ; ಅದನ್ನು ಅದೇ ಗುತ್ತಿಗೆದಾರನ ಹೊಣೆಗೆ ಕಟ್ಟಿಹಾಕಲಿ. ತಾನೇ ದುರಸ್ತಿ ಮಾಡಬೇಕೆಂದು ತಿಳಿದವನು ಕಾಲುವೆ ತೋಡುವುದನ್ನು ಮರೆಯಲಾರ. ಮೂರನೆಯದಾಗಿ, ಕಾಮಗಾರಿಯ ಮೊತ್ತ, ಹಿಂದಿನ ಕಾಮಗಾರಿಯ ದಿನಾಂಕ ಮತ್ತು ಗುತ್ತಿಗೆದಾರನ ಹೊಣೆ ಮುಗಿಯುವ ದಿನವನ್ನು ಉದ್ಯಾನದ ಬಾಗಿಲಲ್ಲೇ ಕನ್ನಡದಲ್ಲಿ ಬರೆದು ಹಾಕಲಿ. 1999ರ ಪಾರದರ್ಶಕತೆ ಕಾಯ್ದೆ ಟೆಂಡರಿಗೆ ನಿಯಮ ವಿಧಿಸಿದೆ; ಟೆಂಡರಿನ ಆಚೆಗಿನ ಬದುಕನ್ನು ಕಾಯಬೇಕಾದವರು ನಾಗರಿಕರೇ.

ದಾನಿಗಳು, ಕಂಪನಿಗಳು ಉದ್ಯಾನ ದತ್ತು ಪಡೆಯಲಿ ಎಂಬ ಸಲಹೆಯೂ ಇದೆ. ಅದು ಸ್ವಾಗತಾರ್ಹವೇ. ಆದರೆ ದಾನಿಗಳು ಸಿಗುವುದು ಅನುಕೂಲಸ್ಥರ ಬಡಾವಣೆಗೆ. ಕಿಷ್ಕಿಂಧೆಯಂತಹ ಓಣಿಗಳ ನಡುವಿನ ಪುಟ್ಟ ಉದ್ಯಾನಕ್ಕೆ ಅಲ್ಲ. ದಾನ ಪೂರಕವಾಗಬಹುದು, ತೆರಿಗೆ ಹಣದ ಜಾಗ ತುಂಬಲಾರದು.

ಜಿಮ್ಮಿಗೆ ಹಣ ತೆರಲಾಗದವರಿಗೆ, ವೈದ್ಯರು ‘ದಿನಾ ನಡೆಯಿರಿ’ ಎಂದು ಬರೆದುಕೊಟ್ಟ ಮಧುಮೇಹಿಗಳಿಗೆ ಈ ದಾರಿಯೇ ಔಷಧ. ಅದನ್ನು ಹೊಸದಾಗಿ ಹಾಸುವುದಕ್ಕಿಂತ ಹಾಸಿದ್ದನ್ನು ಕಾಪಾಡುವುದು ಅಗ್ಗ. ಮುಂದಿನ ಬಜೆಟ್ಟಿನಲ್ಲಿ ‘ಉದ್ಯಾನ ಅಭಿವೃದ್ಧಿ’ ಎಂಬ ಸಾಲಿನ ಕೆಳಗೆ ‘ಉದ್ಯಾನ ನಿರ್ವಹಣೆ’ ಎಂಬ ಇನ್ನೊಂದು ಸಾಲು, ಅದರ ಮುಂದೆ ನಂಬಬಹುದಾದ ಒಂದು ಅಂಕಿ ಕಾಣುವುದೇ ಎಂದು ನಾವೆಲ್ಲ ಹುಡುಕಿ ನೋಡಬೇಕು. ಕಾಣದಿದ್ದರೆ ಕೇಳಬೇಕು.