ಗರ್ಭಕೋಶದ ನಾರುಗಡ್ಡೆಯೂ ಋತುಸ್ರಾವವೂ

ಗರ್ಭಕೋಶದಲ್ಲಿ ಗಡ್ಡೆಯಿದೆಯೆಂದು ವೈದ್ಯರು ಹೇಳಿದೊಡನೆ ಮನೆಯವರು ಕೇಳುವ ಪ್ರಶ್ನೆಗಳು ಎರಡು: ಅದು ಕ್ಯಾನ್ಸರೇ? ಎಷ್ಟು ದೊಡ್ಡದು? ಮೊದಲನೆಯದಕ್ಕೆ ಉತ್ತರ ಸುಲಭ. ಫೈಬ್ರಾಯ್ಡ್ ಎಂದು ಕರೆಯಲ್ಪಡುವ ನಾರುಗಡ್ಡೆಯು ಗರ್ಭಕೋಶದ ಭಿತ್ತಿಯ ಒಂದೇ ಒಂದು ಸ್ನಾಯುಕಣವು ಮತ್ತೆ ಮತ್ತೆ ವಿಭಜನೆ ಹೊಂದಿ ಆದ ಬೆಳವಣಿಗೆ. ಅದು ಕ್ಯಾನ್ಸರ್ ಅಲ್ಲ. ಎರಡನೆಯ ಪ್ರಶ್ನೆಯ ಬದಲು 'ಎಲ್ಲಿದೆ?' ಎಂದು ಕೇಳುವುದೇ ಹೆಚ್ಚು ಉಚಿತವೆಂದು ನಮಗೆ ತೋರುತ್ತದೆ.

ಕಾರಣವನ್ನು ತಿಳಿಯಲು ಋತುಚಕ್ರವನ್ನು ಸ್ವಲ್ಪ ನೋಡಬೇಕು. 24ರಿಂದ 38 ದಿನಗಳ ಈ ಆವರ್ತದಲ್ಲಿ ಅಂಡಾಶಯವು ಸ್ರವಿಸುವ ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಎಂಬ ಚೋದಕರಸಗಳು ಗರ್ಭಕೋಶದ ಒಳಪೊರೆಯನ್ನು ಪೋಷಿಸುತ್ತವೆ. ಗರ್ಭ ನಿಲ್ಲದಿದ್ದರೆ ರಸಗಳು ತಗ್ಗಿ, ಪೊರೆ ಕಳಚಿ, ರಕ್ತದೊಡನೆ ಹೊರಬೀಳುತ್ತದೆ. ಸಾಮಾನ್ಯವಾಗಿ ನಷ್ಟವಾಗುವ ರಕ್ತ 30–40 ಮಿಲಿಲೀಟರ್. 80ನ್ನು ಮೀರಿದರೆ ಅತಿಸ್ರಾವ. ನಾರುಗಡ್ಡೆಯನ್ನು ಬೆಳೆಸುವುದೂ ಈ ರಸಗಳೇ. ಆದುದರಿಂದಲೇ ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ.

ಗಡ್ಡೆಯು ಗರ್ಭಕೋಶದ ಹೊರಮೈಯಲ್ಲಿ, ಭಿತ್ತಿಯ ನಡುವೆ, ಅಥವಾ ಒಳಪೊರೆಯ ಅಡಿಯಲ್ಲಿ ಇರಬಹುದು. ಹೊರಮೈಯದು ನಿಂಬೆಹಣ್ಣಿನಷ್ಟಾದರೂ ಸ್ರಾವದಲ್ಲಿ ವ್ಯತ್ಯಾಸ ಕಾಣದಿರಬಹುದು. ಒಳಪೊರೆಯ ಅಡಿಯದು ಕಡಲೆಕಾಳಿನಷ್ಟಿದ್ದರೂ ಕಾಟ ಕೊಡಬಹುದು. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ಲಕ್ಷ್ಮಣತೀರ್ಥ ನದಿಗೆ ಅಣೆಕಟ್ಟೆಯುಂಟು. ಅಂಥ ಕಟ್ಟೆಯ ದಡದಲ್ಲಿ ಹೆಬ್ಬಂಡೆ ಬಿದ್ದಿದ್ದರೆ ರೈತನಿಗೇನು ನಷ್ಟ? ತೂಬಿನ ಬಾಗಿಲ ಸಂದಿಗೆ ಚಿಕ್ಕ ಕಲ್ಲು ಸಿಕ್ಕಿದರೆ ಬಾಗಿಲು ಮುಚ್ಚದು, ನೀರು ನಿಲ್ಲದು. ಗರ್ಭಕೋಶದ ಸ್ನಾಯು ಬಿಗಿದು ರಕ್ತನಾಳಗಳನ್ನು ಅದುಮಿದರೆ ಸ್ರಾವ ತಗ್ಗುತ್ತದೆ. ಒಳಗೆ ಉಬ್ಬಿದ ಗಡ್ಡೆ ಈ ಬಿಗಿತಕ್ಕೆ ಅಡ್ಡಿ. ಅಲ್ಲದೆ ಅದು ಪೊರೆಯ ವಿಸ್ತೀರ್ಣವನ್ನೂ ಹೆಚ್ಚಿಸುತ್ತದೆ.

ಈ ಗಡ್ಡೆಯಿದ್ದವರಲ್ಲಿ ಮುಟ್ಟು ಸಾಮಾನ್ಯವಾಗಿ ಹೊತ್ತಿಗೆ ಸರಿಯಾಗಿಯೇ ಬರುತ್ತದೆ. ಆದರೆ ಹೆಚ್ಚು ಹೋಗುತ್ತದೆ, ಎಂಟು ದಿನಗಳನ್ನೂ ಮೀರುತ್ತದೆ. ದಿನಗಳೇ ಏರುಪೇರಾದರೆ ಬೇರೆ ಕಾರಣವನ್ನೂ ಹುಡುಕಬೇಕು. ಎರಡು ಮುಟ್ಟುಗಳ ನಡುವೆ, ಅಥವಾ ಮುಟ್ಟು ನಿಂತ ವರ್ಷಗಳ ಮೇಲೆ ರಕ್ತ ಕಂಡರಂತೂ ಪರೀಕ್ಷೆ ತಡವಾಗಬಾರದು. ಕ್ಯಾಲೆಂಡರಿನಲ್ಲಿ ದಿನಗಳನ್ನೂ ಬಟ್ಟೆ ಬದಲಿಸಿದ ಲೆಕ್ಕವನ್ನೂ ಗುರುತು ಹಾಕಿಕೊಂಡು ಹೋದ ಹೆಂಗಸು ವೈದ್ಯರಿಗೆ ಅರ್ಧ ಕೆಲಸ ಮಾಡಿಕೊಟ್ಟಂತೆ.

ಉಳಿದರ್ಧ ಶಬ್ದದ್ದು. ಸೆಕೆಂಡಿಗೆ 20,000ಕ್ಕೂ ಮೀರಿದ ಕಂಪನಗಳು ನಮ್ಮ ಕಿವಿಗೆ ಕೇಳಿಸವು. ಸ್ಕ್ಯಾನಿಂಗ್ ಯಂತ್ರ ಹೊರಡಿಸುವುದು ಹಲವು ದಶಲಕ್ಷ ಕಂಪನಗಳನ್ನು. ಮರುದನಿಯಿಂದಲೇ ಗಡ್ಡೆಯ ಗಾತ್ರ, ಸ್ಥಳ ಎರಡೂ ತಿಳಿಯುತ್ತವೆ. ಭೌತಶಾಸ್ತ್ರದ ಪಾಠ ಹೇಳುವ ನಮಗೆ ಇದರಲ್ಲಿ ಕೊಂಚ ಹೆಮ್ಮೆ ಉಂಟೆಂದು ಒಪ್ಪಿಕೊಳ್ಳುತ್ತೇವೆ!

ತಿಂಗಳು ತಿಂಗಳೂ ರಕ್ತ ಹೋದರೆ ಕಬ್ಬಿಣದ ಅಂಶ ತಗ್ಗಿ ರಕ್ತಹೀನತೆ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಹೆಣ್ಣಾಳು ಏದುಸಿರು ಬಿಟ್ಟರೆ, ಅದು ದುಡಿಮೆಯ ಆಯಾಸವೆಂದೇ ಎಲ್ಲರೂ ಎಣಿಸುವುದು ಸುಲಭ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ: ಗಡ್ಡೆಯೆಂದೊಡನೆ ಗರ್ಭಕೋಶವನ್ನೇ ತೆಗೆಸಿಬಿಡುವುದು. 2017ರಲ್ಲಿ ಕಲಬುರಗಿಯಲ್ಲಿ ಹೆಂಗಸರು ಇಂಥ ಅನಾವಶ್ಯಕ ಶಸ್ತ್ರಕ್ರಿಯೆಗಳ ವಿರುದ್ಧ ಪ್ರತಿಭಟಿಸಿದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಇವನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಗಳುಂಟು. ಗರ್ಭಕೋಶವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಕ್ರಿಯೆಯುಂಟು. ಗಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚುವ ಉಪಾಯವೂ ಉಂಟು. ತೊಂದರೆ ಕೊಡದ ಗಡ್ಡೆಗಾದರೋ ಬಹುಮಟ್ಟಿಗೆ ಚಿಕಿತ್ಸೆಯೇ ಬೇಡ; ಆಗಾಗ್ಗೆ ವೈದ್ಯರಿಗೆ ತೋರಿಸಿಕೊಂಡಿದ್ದರೆ ಸಾಕು.