ಲೆವೆಲ್ ಯಾರದು? ಡೂಮ್ ಆಟಗಾರರು ಕಟ್ಟಿದ ವ್ಯಾಡ್‌ಗಳು ಮತ್ತು ಕರ್ತೃತ್ವದ ಪ್ರಶ್ನೆ

ಹಸ್ತಪ್ರತಿ, ಪಾಠಾಂತರ, ಪ್ರತಿಕಾರ ಅಂತ ಮಾತಾಡುವ ಗೋಷ್ಠಿಯಲ್ಲಿ ವಿಡಿಯೊ ಗೇಮ್ ವಿಷಯ ತಂದಿದ್ದೀನಿ, ಸ್ವಲ್ಪ ಬೇರೆ ಅನಿಸಬಹುದು. ಆದರೆ ನನ್ನ ಪ್ರಶ್ನೆ ಸಾಹಿತ್ಯದ್ದೇ. ಸಾಮಗ್ರಿಯೆಲ್ಲ ಇನ್ನೊಬ್ಬರದು, ಜೋಡಣೆ ಮಾತ್ರ ತನ್ನದು ಅನ್ನುವವರನ್ನು ಕರ್ತೃ ಅಂತ ಕರೀಬಹುದಾ? ಕರೆದರೆ, ಆ ಕೃತಿಯ ಮೇಲೆ ಅವರಿಗೆ ಇರುವ ಹಕ್ಕೇನು? ಇದಕ್ಕೆ ನಾನು ಆರಿಸಿಕೊಂಡ ಉದಾಹರಣೆ ‘ಡೂಮ್’ ಆಟಕ್ಕೆ ಅಭಿಮಾನಿಗಳು ಕಟ್ಟಿದ ಲೆವೆಲ್‌ಗಳು.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಅಮೆರಿಕದ ಟೆಕ್ಸಸ್‌ನಲ್ಲಿದ್ದ ಐಡಿ ಸಾಫ್ಟ್‌ವೇರ್ ಅನ್ನುವ ಸಣ್ಣ ಕಂಪನಿ 1993ರ ಡಿಸೆಂಬರ್ 10ರಂದು ಡೂಮ್ ಬಿಡುಗಡೆ ಮಾಡಿತು. ಆಡುವವರು ಪಾತ್ರದ ಕಣ್ಣಿನಿಂದಲೇ ಲೋಕವನ್ನು ನೋಡ್ತಾರೆ, ಮುಂದೆ ಕಾಣೋದು ಕೈಯಲ್ಲಿರೋ ಬಂದೂಕು ಮಾತ್ರ. ರಾಕ್ಷಸರನ್ನು ಹೊಡೆಯೋದು, ಬೀಗದ ಕೈ ಹುಡುಕೋದು, ಬಾಗಿಲು ತೆರೆಯೋದು, ಹೊರದಾರಿ ಸೇರೋದು. ಅಲ್ಲಿಗೆ ಒಂದು ಲೆವೆಲ್ ಮುಗಿಯಿತು. ಮೊದಲ ಒಂಬತ್ತು ಲೆವೆಲ್‌ಗಳು ಉಚಿತ, ಉಳಿದವಕ್ಕೆ ದುಡ್ಡು ಕೊಡಬೇಕಿತ್ತು.

ಈ ಆಟದ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಮಾಡಿದ ಒಂದು ತೀರ್ಮಾನ ನಮಗೆ ಮುಖ್ಯ. ಆಟವನ್ನು ನಡೆಸುವ ಎಂಜಿನ್ ಒಂದು ಕಡೆ. ಚಿತ್ರ, ಸದ್ದು, ನಕಾಶೆಗಳೆಲ್ಲ ಇನ್ನೊಂದು ಕಡೆ, ‘ವ್ಯಾಡ್’ ಎಂಬ ಫೈಲಿನಲ್ಲಿ. ಮೂಲ ವ್ಯಾಡ್ ಅನ್ನು ಮುಟ್ಟದೆ, ಅದರ ಮೇಲೆ ಇನ್ನೊಂದು ಚಿಕ್ಕ ವ್ಯಾಡ್ ಹೇರಿ ಆಟ ಶುರು ಮಾಡಬಹುದು. ಆಗ ಹಳೆಯ ಮೊದಲ ಲೆವೆಲ್ ಬದಲು ಯಾರೋ ಕಟ್ಟಿದ ಹೊಸ ಲೆವೆಲ್ ತೆರೆದುಕೊಳ್ಳುತ್ತದೆ. ಅದನ್ನು ತೆಗೆದುಬಿಟ್ಟರೆ ಮೂಲ ಆಟ ಇದ್ದ ಹಾಗೇ ಇರುತ್ತದೆ.

ಆ ಚಿಕ್ಕ ಫೈಲಿನೊಳಗೆ ಏನಿರುತ್ತೆ? ಹೆಚ್ಚಾಗಿ ಬರೀ ಅಂಕಿಗಳು. ಮೇಲಿಂದ ನೋಡಿದ ಹಾಗೆ ಬರೆದ ನಕಾಶೆ ಅದು. ಬಿಂದುಗಳು, ಅವನ್ನು ಸೇರಿಸುವ ಗೆರೆಗಳು, ಗೆರೆಗಳು ಸುತ್ತುವರಿದ ಜಾಗಗಳು. ಪ್ರತಿ ಜಾಗಕ್ಕೂ ನೆಲದ ಎತ್ತರ, ಚಾವಣಿಯ ಎತ್ತರ, ಬೆಳಕಿನ ಪ್ರಮಾಣ. ಈ ಗೆರೆ ದಾಟಿದರೆ ಆ ಬಾಗಿಲು ತೆರೀಬೇಕು, ಈ ಮೂಲೆಯಲ್ಲಿ ಇಂಥ ರಾಕ್ಷಸ ನಿಂತಿರಬೇಕು ಎಂಬ ಸೂಚನೆಗಳು. ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇಡೋಕೆ ಮೂಲ ಎಂಜಿನ್‌ನಲ್ಲಿ ಆಗೋದಿಲ್ಲ. ಗೋಡೆಯ ಚಿತ್ರ, ರಾಕ್ಷಸನ ರೂಪ ಈ ಫೈಲಿನಲ್ಲಿ ಇರಲೇಬೇಕಿಲ್ಲ. ಹೆಸರು, ಸಂಖ್ಯೆ ಹೇಳಿದರೆ ಸಾಕು, ಎಂಜಿನ್ ಮೂಲ ವ್ಯಾಡ್‌ನಿಂದ ತೆಗೆದುಕೊಳ್ಳುತ್ತದೆ.

ಹಾಗಾದರೆ ಕಟ್ಟಿದವರ ಸ್ವಂತದ್ದು ಏನು? 1994ರ ಡೂಮ್ 2ರಲ್ಲಿ ಆರ್ಚ್‌ವೈಲ್ ಅನ್ನೋ ರಾಕ್ಷಸ ಇದ್ದಾನೆ. ಸತ್ತ ರಾಕ್ಷಸರನ್ನು ಎಬ್ಬಿಸೋದು ಅವನ ಗುಣ. ಅವನನ್ನು ಖಾಲಿ ಕೋಣೆಯಲ್ಲಿ ನಿಲ್ಲಿಸಿದರೆ ಒಂದು ಸಾಮಾನ್ಯ ಹೋರಾಟ. ಆಟಗಾರ ಹತ್ತು ನಿಮಿಷ ಕಷ್ಟಪಟ್ಟು ಗೆದ್ದು, ಹೆಣ ಬಿದ್ದಿರೋ ಅಂಗಳದ ಪಕ್ಕದ ಗೋಡೆಯಿಂದ ಅವನನ್ನು ಹೊರಗೆ ಬಿಟ್ಟರೆ, ಗೆದ್ದದ್ದೆಲ್ಲ ಮತ್ತೆ ಎದ್ದು ನಿಲ್ಲುತ್ತದೆ. ರಾಕ್ಷಸ ಅವನೇ, ಬಂದೂಕು ಅದೇ, ಗೋಡೆಯ ಚಿತ್ರವೂ ಅದೇ. ಅರ್ಥ ಮಾತ್ರ ಬೇರೆ. ತಾಳಮದ್ದಳೆ ಕೇಳಿದ ಕಾಸರಗೋಡಿನ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಸಂಗದ ಪದ್ಯ ಎಲ್ಲರಿಗೂ ಒಂದೇ, ಅರ್ಥ ಅರ್ಥಧಾರಿಯದು. ವ್ಯತ್ಯಾಸ ಅಂದರೆ, ಅರ್ಥಧಾರಿಯ ಮಾತು ಆ ರಾತ್ರಿಗೆ ಮುಗಿಯುತ್ತದೆ. ಲೆವೆಲ್ ಫೈಲಾಗಿ ಉಳಿಯುತ್ತದೆ, ಪ್ರತಿಯಾಗುತ್ತದೆ, ಮಾರಾಟಕ್ಕೂ ಸಿಗುತ್ತದೆ. ತಕರಾರು ಹುಟ್ಟೋದು ಅಲ್ಲೇ.

ಲೆವೆಲ್ ಕಟ್ಟುವ ಸಲಕರಣೆಯನ್ನು ಕಂಪನಿ ಆಟದ ಜೊತೆ ಕೊಟ್ಟಿರಲಿಲ್ಲ. ಫೈಲಿನ ರಚನೆಯನ್ನು ಆಟಗಾರರೇ ಬಿಡಿಸಿ ನೋಡಿ, 1994ರ ಆರಂಭದಲ್ಲೇ ‘ಡಿಇಯು’ ಎಂಬ ಎಡಿಟರ್ ತಯಾರಿಸಿದರು. ಕಂಪನಿ ತಡೆಯಲಿಲ್ಲ. ಆದರೆ ದುಡ್ಡು ಕೊಟ್ಟು ಕೊಂಡ ಆಟದಲ್ಲಿ ಮಾತ್ರ ಹೊಸ ಲೆವೆಲ್ ನಡೆಯುವ ಹಾಗೆ ನೋಡಿಕೊಂಡಿತು. ಉಚಿತ ಆವೃತ್ತಿಗೆ ಹೊಸ ವ್ಯಾಡ್ ಹೇರಲು ಹೋದರೆ ಆಟ ಒಪ್ಪುತ್ತಲೇ ಇರಲಿಲ್ಲ.

ಲೆವೆಲ್‌ಗಳನ್ನು ಕೂಡಿಡುವ ‘ಐಡಿಗೇಮ್ಸ್’ ಭಂಡಾರವೂ ಆ ದಿನಗಳಲ್ಲೇ ಬೆಳೆಯಿತು. ಅಲ್ಲಿ ವ್ಯಾಡ್ ಜೊತೆಗೆ ಒಂದು ಚಿಕ್ಕ ಪಠ್ಯ ಫೈಲ್ ಇಡುವುದು ರೂಢಿ. ಹೆಸರು, ಕಟ್ಟಿದವರು ಯಾರು, ಕೃತಜ್ಞತೆ ಯಾರಿಗೆ, ಹೊಸದಾಗಿ ಕಟ್ಟಿದ್ದಾ ಅಥವಾ ಬೇರೆ ಲೆವೆಲ್ ಆಧರಿಸಿದ್ದಾ, ಎಷ್ಟು ಸಮಯ ಹಿಡಿಯಿತು, ಗೊತ್ತಿರುವ ದೋಷಗಳೇನು. ಕೊನೆಗೆ ಅನುಮತಿ: ಇದನ್ನು ಹಂಚಬಹುದಾ, ಇದರ ಮೇಲೆ ಇನ್ನೊಬ್ಬರು ಕಟ್ಟಬಹುದಾ. ಓಲೆಗರಿಯ ಕೊನೆಯಲ್ಲಿ ಪ್ರತಿ ಮಾಡಿದವನು ತನ್ನ ಹೆಸರು, ಊರು, ಕಾಲ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿ ಅಂತ ಕೇಳುವ ಸಾಲುಗಳನ್ನು ಓದಿದವರಿಗೆ ಇದರ ಬೆಲೆ ಗೊತ್ತಾಗುತ್ತೆ. ವ್ಯಾಡ್ ಒಳಗೆ ಬರೀ ಅಂಕಿ ಇದೆ. ಅದಕ್ಕೊಂದು ಕರ್ತೃ ಇದ್ದಾರೆ ಎಂದು ಹೇಳುವುದು ಈ ಪಠ್ಯ.

ಈಗ ಮಾರಾಟದ ವಿಷಯ. 1995ರ ಕೊನೆಗೆ ಐಡಿ ಸಾಫ್ಟ್‌ವೇರ್ ‘ಮಾಸ್ಟರ್ ಲೆವೆಲ್ಸ್’ ಎಂಬ ಸಿಡಿ ಹೊರತಂದಿತು. ಅದಕ್ಕೆಂದೇ ಹೇಳಿ ಕಟ್ಟಿಸಿದ ಸುಮಾರು ಇಪ್ಪತ್ತು ಲೆವೆಲ್ ಅದರಲ್ಲಿದ್ದವು. ಅದೇ ಸಿಡಿಯಲ್ಲಿ ‘ಮ್ಯಾಕ್ಸಿಮಮ್ ಡೂಮ್’ ಹೆಸರಿನಲ್ಲಿ ಅಂತರ್ಜಾಲದಿಂದ ಒಟ್ಟುಮಾಡಿದ ಸಾವಿರಕ್ಕೂ ಹೆಚ್ಚು ಅಭಿಮಾನಿ ಲೆವೆಲ್‌ಗಳೂ ಇದ್ದವು. ಒಂದೇ ತಟ್ಟೆಯಲ್ಲಿ ಕೆಲವರು ಕರ್ತೃಗಳು, ಉಳಿದವರು ರಾಶಿಯ ಕಾಳು. ಅದೇ ಹೊತ್ತಿಗೆ ಟೀಮ್‌ಟಿಎನ್‌ಟಿ ಎಂಬ ಆಟಗಾರರ ತಂಡ ‘ಇವಿಲ್ಯೂಷನ್’ ಎಂಬ 32 ಲೆವೆಲ್‌ಗಳ ಕಟ್ಟನ್ನು ಉಚಿತವಾಗಿ ಬಿಡಲು ಸಿದ್ಧವಾಗಿತ್ತು. ಬಿಡುಗಡೆಯ ಹೊಸ್ತಿಲಲ್ಲಿ ಕಂಪನಿ ಅದನ್ನು ಕೊಂಡುಕೊಂಡಿತು. ಡಾರಿಯೊ ಮತ್ತು ಮೈಲೊ ಕಸಾಲಿ ಅಣ್ಣತಮ್ಮಂದಿರ ‘ಪ್ಲುಟೋನಿಯಾ’ ಜೊತೆ ಸೇರಿಸಿ 1996ರಲ್ಲಿ ‘ಫೈನಲ್ ಡೂಮ್’ ಎಂದು ಮಾರಿತು. ಕಟ್ಟಿದವರಿಗೆ ಅದು ಮನ್ನಣೆ. ಉಚಿತವಾಗಿ ಸಿಗುತ್ತೆ ಅಂತ ಕಾದಿದ್ದ ಆಟಗಾರರಲ್ಲಿ ಹಲವರಿಗೆ ಸಿಟ್ಟು. ಎರಡೂ ಸಹಜವೇ.

ನಮ್ಮ ಪ್ರಶ್ನೆ ನ್ಯಾಯಾಲಯಕ್ಕೆ ಹೋದದ್ದು ಇನ್ನೊಂದು ಆಟದಿಂದ. ‘ಡ್ಯೂಕ್ ನ್ಯೂಕೆಮ್ 3ಡಿ’ಗೆ ಆಟಗಾರರು ಕಟ್ಟಿದ 300 ಲೆವೆಲ್‌ಗಳನ್ನು ಮೈಕ್ರೊ ಸ್ಟಾರ್ ಎಂಬ ಕಂಪನಿ ಸಿಡಿಗೆ ಹಾಕಿ ಮಾರಿತು. ಈ ಫೈಲಿನಲ್ಲಿ ಮೂಲ ಆಟದ ಒಂದು ಚಿತ್ರವೂ ಇಲ್ಲ, ಹಾಗಾಗಿ ನಕಲು ಅಲ್ಲ ಎಂಬುದು ಅದರ ವಾದ. 1998ರಲ್ಲಿ ಅಮೆರಿಕದ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಚಿತ್ರ ಇಲ್ಲದಿದ್ದರೇನು, ಆ ಲೆವೆಲ್‌ಗಳು ಹೇಳ್ತಿರೋದು ಡ್ಯೂಕ್‌ನ ಕಥೆಯ ಮುಂದಿನ ಭಾಗವನ್ನೇ, ಮುಂದುವರಿದ ಕಥೆಯ ಹಕ್ಕು ಮೂಲದವರದು ಎಂದಿತು. ಇಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಜೋಡಣೆ ಬರೀ ಅಂಕಿ ಅಲ್ಲ, ಅದು ಕಥನ ಅಂತ ನ್ಯಾಯಾಲಯವೇ ಹೇಳಿದಂತಾಯಿತು. ಎರಡು, ಜಗಳ ನಡೆದದ್ದು ಕಂಪನಿಗಳ ನಡುವೆ. ಆ 300 ಲೆವೆಲ್ ಕಟ್ಟಿದವರು ಈ ಮೊಕದ್ದಮೆಯ ಕಕ್ಷಿದಾರರೇ ಅಲ್ಲ.

ಡೂಮ್ ವಿಷಯದಲ್ಲಿ ದಾರಿ ಬೇರೆ ಆಯಿತು. 1997ರ ಡಿಸೆಂಬರ್‌ನಲ್ಲಿ ಕಂಪನಿ ಎಂಜಿನ್‌ನ ಸೋರ್ಸ್ ಕೋಡನ್ನೇ ಬಹಿರಂಗ ಮಾಡಿತು. ಅದನ್ನು ಹಿಡಿದು ಅದೇ ಟೀಮ್‌ಟಿಎನ್‌ಟಿ 1998ರಲ್ಲಿ ‘ಬೂಮ್’ ಎಂಬ ಸುಧಾರಿತ ಎಂಜಿನ್ ಕೊಟ್ಟಿತು. ಮುಂದಿನ ಲೆವೆಲ್ ಕಟ್ಟುವವರಿಗೆ ಅದು ವ್ಯಾಕರಣದ ಹಾಗೆ ಆಯಿತು. ಮೂಲ ಆಟದ ವಿನ್ಯಾಸಕಾರರಲ್ಲಿ ಒಬ್ಬರಾದ ಜಾನ್ ರೊಮೆರೊ 2019ರಲ್ಲಿ ‘ಸಿಜಿಲ್’ ಎಂಬ ಒಂಬತ್ತು ಲೆವೆಲ್‌ಗಳನ್ನು ಅಭಿಮಾನಿಗಳ ಹಾಗೆಯೇ ವ್ಯಾಡ್ ರೂಪದಲ್ಲಿ ಉಚಿತವಾಗಿ ಬಿಟ್ಟರು. 2024ರ ಆಗಸ್ಟ್‌ನಲ್ಲಿ ಬಂದ ಅಧಿಕೃತ ಮರುಬಿಡುಗಡೆಯಲ್ಲಿ ಬೂಮ್ ಲೆವೆಲ್‌ಗಳೂ ನಡೆಯುತ್ತವೆ. ಆದರೆ ಆಟದೊಳಗಿಂದಲೇ ಲೆವೆಲ್ ಇಳಿಸಿಕೊಳ್ಳುವ ಸೌಲಭ್ಯ ಬಂದ ಕೂಡಲೇ, ಒಬ್ಬರ ಕೆಲಸವನ್ನು ಇನ್ನೊಬ್ಬರು ಕೇಳದೆ ಏರಿಸ್ತಿದ್ದಾರೆ ಎಂಬ ದೂರೂ ಬಂತು. ಹಂಚಿಕೆ ಸುಲಭ ಆದಷ್ಟೂ ಪಠ್ಯ ಫೈಲ್ ಹಿಂದೆ ಉಳಿಯುತ್ತೆ, ವ್ಯಾಡ್ ಮಾತ್ರ ಮುಂದೆ ಹೋಗುತ್ತೆ.

ನನ್ನ ಮಾತಿನ ಸಾರ ಇಷ್ಟು. ಜೋಡಣೆಯೂ ಕರ್ತೃತ್ವವೇ. ಆದರೆ ಕಾನೂನು ಮೂಲದವರ ಹಕ್ಕನ್ನು ನೋಡಿದಷ್ಟು ಸುಲಭವಾಗಿ ಜೋಡಿಸಿದವರನ್ನು ನೋಡಲಿಲ್ಲ. ಅವರ ಹೆಸರನ್ನು ಉಳಿಸಿದ್ದು ಒಂದು ರೂಢಿ: ಯಾರಿಂದ ತಗೊಂಡೆ, ಏನು ಸೇರಿಸಿದೆ, ಮುಂದಿನವರು ಏನು ಮಾಡಬಹುದು ಅನ್ನೋದನ್ನು ಬರೆದಿಡೋದು. ಸಂಸ್ಥೆಯ ಬೆಂಬಲ ಇಲ್ಲದೆ ಕೈಯಿಂದ ಕೈಗೆ ಹೋಗುವ ಯಾವ ಪಠ್ಯವನ್ನು ನಾವು ಸಂಗ್ರಹಿಸಿದರೂ, ಪಠ್ಯದ ಜೊತೆ ಆ ಮೂರು ಸಾಲನ್ನೂ ಸಂಗ್ರಹಿಸಬೇಕು ಅಂತ ನನಗೆ ಅನಿಸುತ್ತದೆ.